ಖುಷಿ ಮುಗಿದರೂ ‘ಬೇಕು’ ಮುಗಿಯುವುದಿಲ್ಲ

ಚಟ ‘ಹಿಡಿಯುತ್ತದೆ’. ಚಟ ‘ಅಂಟುತ್ತದೆ’. ಆದರೆ ಬಿಡುವ ಮಾತು ಬಂದಾಗ ಮನುಷ್ಯನೇ ‘ಬಿಡಬೇಕು’. ನಮ್ಮ ಮಾತಿನಲ್ಲೇ ಈ ಇಬ್ಬಗೆ ಇದೆ ನೋಡಿ. ಹಿಡಿಯುವಾಗ ಅದು ಜ್ವರದ ಹಾಗೆ, ದೆವ್ವದ ಹಾಗೆ, ಹೊರಗಿನಿಂದ ಬಂದು ಮೇಲೆ ಬಿದ್ದದ್ದು. ಬಿಡುವಾಗ ಮಾತ್ರ ಕೈಯಲ್ಲಿರುವ ಚೀಲದ ಹಾಗೆ, ಕೆಳಗಿಟ್ಟರೆ ಮುಗಿಯಿತು. ಕುಡಿಯುವವರ ಮನೆಯಲ್ಲಿ ಒಂದೇ ದಿನ ಎರಡೂ ಮಾತು ಕೇಳಿಸುತ್ತದೆ. ಬೆಳಿಗ್ಗೆ, “ಪಾಪ, ಅವನ ಕೈಲಿ ಏನಿದೆ.” ರಾತ್ರಿ, “ಮನಸ್ಸು ಮಾಡಿದ್ರೆ ಬಿಡಕ್ಕಾಗಲ್ವಾ?”

ವಿಜ್ಞಾನಿಗಳೂ ಇದೇ ಜಗಳ ಆಡುತ್ತಿದ್ದಾರೆ. 1997ರಲ್ಲಿ ಅಮೆರಿಕದ ಮಾದಕ ವ್ಯಸನ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದ ಅಲನ್ ಲೆಶ್ನರ್, ವ್ಯಸನ ಎಂಬುದು ಮೆದುಳಿನ ಕಾಯಿಲೆ ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಇಲ್ಲ, ಅದು ಆಳವಾಗಿ ಕೂತುಬಿಟ್ಟ ಕಲಿಕೆ ಅಷ್ಟೇ, ಕಾಯಿಲೆ ಅಂದುಬಿಟ್ಟರೆ ಮನುಷ್ಯನಿಗೆ ಮಾಡಲು ಏನೂ ಉಳಿಯುವುದಿಲ್ಲ ಎನ್ನುವವರು ಅಂದೂ ಇದ್ದರು, ಇಂದೂ ಇದ್ದಾರೆ. ನನಗನ್ನಿಸುವುದು, ‘ಮನಸ್ಸು ಮಾಡಿದ್ರೆ’ ಎಂಬ ಆ ಸಣ್ಣ ಮಾತಿನಲ್ಲೇ ಇಡೀ ಪ್ರಶ್ನೆ ಅಡಗಿದೆ. ಮನಸ್ಸು ಮಾಡುವಾಗ ಮೆದುಳಿನಲ್ಲಿ ಏನು ನಡೆಯುತ್ತದೆ? ಚಟ ಕೈ ಹಾಕುವುದು ಅದರ ಯಾವ ಹಂತಕ್ಕೆ?

ನನ್ನದೇ ಒಂದು ಸಣ್ಣ ಅನುಭವ ಹೇಳುತ್ತೇನೆ. ಸಿಗರೇಟು ಬಿಟ್ಟು ತಿಂಗಳುಗಳು ಕಳೆದಿದ್ದವು. ಫೋನಿನಲ್ಲಿ ಯಾರ ಜೊತೆಗೋ ಬಿಸಿ ಮಾತಾಯಿತು. ಫೋನ್ ಇಟ್ಟ ಕೂಡಲೇ ನನ್ನ ಬಲಗೈ ಅಂಗಿಯ ಜೇಬಿಗೆ ಹೋಯಿತು. ಜೇಬು ಖಾಲಿ. ಬೆರಳಿಗೆ ಬಟ್ಟೆ ತಾಗಿದ ಮೇಲೆಯೇ ನನಗೆ ಸಿಗರೇಟು ಬೇಕಾಗಿದೆ ಅಂತ ಗೊತ್ತಾದದ್ದು. ಅಂದರೆ ಕೈ ಮೊದಲು ಹೊರಟಿತ್ತು, ಆಸೆ ಹಿಂದಿನಿಂದ ಬಂತು, ನಿರ್ಧಾರ ಅನ್ನುವವನು ಇನ್ನೂ ಎಲ್ಲೋ ದಾರಿಯಲ್ಲಿದ್ದ.

ಇಷ್ಟ ಬೇರೆ, ಬೇಕು ಬೇರೆ

ಕಥೆ ಶುರುವಾಗುವುದು ಒಂದು ಗುರಿ ತಪ್ಪಿದ ತಂತಿಯಿಂದ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯ ಮೆದುಳಿಗೆ ತಂತಿ ಇಳಿಸಿ ಸಣ್ಣ ವಿದ್ಯುತ್ ಹರಿಸುತ್ತಿದ್ದರು. ಒಂದು ಇಲಿಯಲ್ಲಿ ತಂತಿ ಅಂದುಕೊಂಡ ಜಾಗ ಬಿಟ್ಟು ಬೇರೆಡೆ ಹೋಗಿತ್ತು. ವಿದ್ಯುತ್ ಸಿಕ್ಕ ಮೂಲೆಗೇ ಆ ಇಲಿ ಮತ್ತೆ ಮತ್ತೆ ಬರತೊಡಗಿತು. ಆಮೇಲೆ ಇಲಿಗಳ ಮುಂದೆಯೇ ಗುಂಡಿ ಇಟ್ಟು, ಒತ್ತಿದರೆ ತಮಗೆ ತಾವೇ ವಿದ್ಯುತ್ ಕೊಟ್ಟುಕೊಳ್ಳುವ ಹಾಗೆ ಮಾಡಿದರು. ಗಂಟೆಗೆ ಸಾವಿರಕ್ಕೂ ಜಾಸ್ತಿ ಸಲ ಒತ್ತಿದ ಇಲಿಗಳಿದ್ದವು. 1954ರಲ್ಲಿ ಇದು ಪ್ರಕಟವಾಯಿತು. ಮೆದುಳಿನಲ್ಲಿ ‘ಸುಖದ ಕೇಂದ್ರ’ ಸಿಕ್ಕಿಬಿಟ್ಟಿತು ಎಂದು ಎಲ್ಲರೂ ಅಂದುಕೊಂಡರು.

ಈ ಜಾಗಗಳಲ್ಲಿ ಮುಖ್ಯವಾಗಿ ಓಡಾಡುವ ರಾಸಾಯನಿಕ ಡೋಪಮೈನ್ ಅಂತ ಮುಂದೆ ಗೊತ್ತಾಯಿತು. ಡೋಪಮೈನ್ ತಾನೇ ಒಂದು ಸಂದೇಶವಾಹಕ ಎಂದು 1950ರ ದಶಕದಲ್ಲಿ ತೋರಿಸಿಕೊಟ್ಟವರು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್. 2000ದಲ್ಲಿ ಅವರಿಗೆ ನೊಬೆಲ್ ಬಂತು. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದರಲ್ಲಿ ಡೋಪಮೈನ್ ತಯಾರಿಸುವಂಥವು ಕೆಲವೇ ಲಕ್ಷ. ಬಹುಪಾಲು ಮೆದುಳಿನ ನಡುಭಾಗದಲ್ಲಿ ಗುಂಪಾಗಿ ಕೂತು, ಉದ್ದುದ್ದ ಎಳೆಗಳನ್ನು ಮುಂದಕ್ಕೆ ಚಾಚಿಕೊಂಡಿವೆ. ಆ ಎಳೆಗಳು ಮುಖ್ಯವಾಗಿ ತಲುಪುವ ಒಂದು ಜಾಗ ನ್ಯೂಕ್ಲಿಯಸ್ ಅಕ್ಯುಂಬೆನ್ಸ್. ಚಟದ ಬಗ್ಗೆ ಓದಿದವರಿಗೆಲ್ಲ ಈ ಹೆಸರು ಪರಿಚಯವೇ.

‘ಸುಖದ ರಾಸಾಯನಿಕ’ ಎಂಬ ಅಡ್ಡಹೆಸರು ಡೋಪಮೈನಿಗೆ ಈಗಲೂ ಅಂಟಿಕೊಂಡಿದೆ. ತಪ್ಪು ಹೆಸರು ಅದು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಟೆರಿ ರಾಬಿನ್ಸನ್ ಇದನ್ನು ತುಂಬ ಚಂದವಾಗಿ ಬಿಡಿಸಿ ತೋರಿಸಿದರು. ನಾಲಿಗೆಗೆ ಸಿಹಿ ಬಿದ್ದರೆ ಇಲಿ ತುಟಿ ಚಪ್ಪರಿಸುತ್ತದೆ, ಎಳೆ ಮಗು ಮಾಡಿದ ಹಾಗೆಯೇ. ಕಹಿ ಬಿದ್ದರೆ ಬಾಯಿ ಅಗಲಿಸಿ ಮುಖ ಕಿವುಚುತ್ತದೆ. ಮೆದುಳಿನಲ್ಲಿ ಡೋಪಮೈನ್ ಹೆಚ್ಚುಕಡಿಮೆ ಪೂರ್ತಿ ಖಾಲಿ ಮಾಡಿದ ಇಲಿಗಳ ಪಾಡು ನೋಡಿ. ಎದುರಿಗೆ ಆಹಾರ ಇದ್ದರೂ ಅವು ಹೋಗಿ ತಿನ್ನಲಿಲ್ಲ, ಬಾಯಿಗೆ ಹಾಕದಿದ್ದರೆ ಹಸಿದೇ ಸಾಯುತ್ತಿದ್ದವು. ಆದರೆ ನಾಲಿಗೆಯ ಮೇಲೆ ಸಕ್ಕರೆ ನೀರು ಬಿಟ್ಟರೆ? ಮೊದಲಿನ ಹಾಗೆಯೇ ತುಟಿ ಚಪ್ಪರಿಸಿದವು. ರುಚಿ ಹೋಗಿರಲಿಲ್ಲ. ಹೋದದ್ದು ಅದರ ಕಡೆಗೆ ಎಳೆಯುವ ಸೆಳೆತ.

‘ಇಷ್ಟ’ ಮತ್ತು ‘ಬೇಕು’ ಮೆದುಳಿನಲ್ಲಿ ಎರಡು ಬೇರೆ ಬೇರೆ ಕೆಲಸ. ಡೋಪಮೈನ್ ನೋಡಿಕೊಳ್ಳುವುದು ‘ಬೇಕು’ ಅನ್ನುವುದನ್ನು. ಮಾದಕ ವಸ್ತು ಪದೇ ಪದೇ ಒಳಗೆ ಹೋದರೆ ‘ಬೇಕು’ ಸೂಕ್ಷ್ಮವಾಗುತ್ತಾ ಬಲಿಯುತ್ತದೆ, ‘ಇಷ್ಟ’ ಇದ್ದಲ್ಲೇ ಇರುತ್ತದೆ, ಇಲ್ಲವೇ ಇಳಿಯುತ್ತದೆ ಎಂದು ಅವರಿಬ್ಬರೂ 1993ರಲ್ಲಿ ಬರೆದರು. ಚಟಕ್ಕೆ ಬಿದ್ದವರನ್ನು ಹತ್ತಿರದಿಂದ ನೋಡಿದವರಿಗೆ ಇದನ್ನು ಪ್ರಯೋಗ ಮಾಡಿ ಸಾಬೀತು ಮಾಡಬೇಕಿಲ್ಲ. “ಕುಡಿದರೆ ಏನೂ ಖುಷಿ ಇಲ್ಲ ಮಾರಾಯ, ಆದ್ರೂ ಬೇಕು” ಅನ್ನುವವರು ಸುಳ್ಳು ಹೇಳುತ್ತಿಲ್ಲ. ಕನ್ನಡದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ‘ನಾನು ನಿರ್ಧರಿಸುತ್ತೇನೆ’, ಆದರೆ ‘ನನಗೆ ಬೇಕು’. ನಿರ್ಧಾರವನ್ನು ನಾನು ಮಾಡುತ್ತೇನೆ, ಬೇಕು ಎಂಬುದು ನನಗೆ ಬರುತ್ತದೆ. ಹಸಿವಾದ ಹಾಗೆ, ಚಳಿಯಾದ ಹಾಗೆ. ವ್ಯಾಕರಣ ಮಾಡಿದವರಿಗೆ ಡೋಪಮೈನ್ ಗೊತ್ತಿರಲಿಲ್ಲ, ಆದರೂ ಸರಿಯಾಗಿಯೇ ಹಿಡಿದಿದ್ದಾರೆ.

ನಿರೀಕ್ಷೆಯ ಲೆಕ್ಕ

‘ಬೇಕು’ ಹುಟ್ಟುವುದು ಹೇಗೆ? ಇಲ್ಲಿ ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಅವರ ಪ್ರಯೋಗದ ಕೋತಿಗಳನ್ನು ಸ್ವಲ್ಪ ಹೊತ್ತು ನೋಡಬೇಕು. ಕೋತಿಯ ಬಾಯಿಗೆ ಒಂದು ಹನಿ ಹಣ್ಣಿನ ರಸ ಬೀಳುತ್ತದೆ. ಡೋಪಮೈನ್ ಕೋಶ ಟಪಟಪ ಅಂತ ಮಿಡಿಯುತ್ತದೆ. ಈಗ ರಸಕ್ಕಿಂತ ಒಂದು ಗಳಿಗೆ ಮೊದಲು ಒಂದು ದೀಪ ಹೊತ್ತಿಸುತ್ತಾರೆ. ಹೀಗೇ ಹತ್ತಾರು ಸಲ. ಕ್ರಮೇಣ ಕೋಶ ರಸಕ್ಕೆ ಮಿಡಿಯುವುದನ್ನು ನಿಲ್ಲಿಸಿ ದೀಪಕ್ಕೆ ಮಿಡಿಯತೊಡಗುತ್ತದೆ. ರಸ ಬಂದಾಗ ಸುಮ್ಮನಿರುತ್ತದೆ, ಬರುತ್ತದೆ ಅಂತ ಮೊದಲೇ ಗೊತ್ತಿತ್ತಲ್ಲ. ಇನ್ನು ದೀಪ ಹೊತ್ತಿಸಿ ರಸ ಕೊಡದಿದ್ದರೆ, ರಸ ಬರಬೇಕಿದ್ದ ಸರಿಯಾದ ಆ ಕ್ಷಣಕ್ಕೆ ಕೋಶದ ಮಿಡಿತ ಕುಸಿಯುತ್ತದೆ. ಮೋಸ ಹೋದೆ ಅನ್ನುವ ಹಾಗೆ.

1997ರಲ್ಲಿ ಶುಲ್ಟ್ಸ್, ಪೀಟರ್ ಡಯಾನ್, ರೀಡ್ ಮಾಂಟೇಗ್ ಮೂವರೂ ಸೇರಿ ಇದರ ಅರ್ಥವನ್ನು ಬಿಡಿಸಿದರು. ಡೋಪಮೈನ್ ಎಣಿಸುವುದು ಸುಖವನ್ನಲ್ಲ, ವ್ಯತ್ಯಾಸವನ್ನು. ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತಾ? ಮಿಡಿತ ಏರುತ್ತದೆ. ಅಂದುಕೊಂಡ ಹಾಗೇ ಇತ್ತಾ? ಸುಮ್ಮನೆ. ಕಡಿಮೆ ಆಯಿತಾ? ಇಳಿತ. ಈ ಏರಿಳಿತವೇ ಮೆದುಳಿಗೆ ಪಾಠ. ಯಾವುದಕ್ಕೆ ಎಷ್ಟು ಬೆಲೆ, ಮುಂದಿನ ಸಲ ಯಾವ ಕಡೆ ಹೆಜ್ಜೆ ಹಾಕಬೇಕು ಎಂದು ಅದು ಕಲಿಯುವುದು ಹೀಗೆ. ಮಾಮೂಲಿ ಸುಖಗಳಲ್ಲಿ ಈ ಪಾಠ ತಾನಾಗಿ ಮುಗಿಯುತ್ತದೆ. ರೂಢಿಯಾದ ಮೇಲೆ ಅಚ್ಚರಿ ಇಲ್ಲ, ಅಚ್ಚರಿ ಇಲ್ಲದ ಮೇಲೆ ಡೋಪಮೈನಿನ ಗದ್ದಲವೂ ಇಲ್ಲ.

ಮಾದಕ ವಸ್ತು ಈ ಲೆಕ್ಕದ ಪುಸ್ತಕಕ್ಕೇ ಕೈ ಹಾಕುತ್ತದೆ. ಬಿಡುಗಡೆಯಾದ ಡೋಪಮೈನನ್ನು ವಾಪಸ್ ಎಳೆದುಕೊಳ್ಳುವ ಪಂಪನ್ನು ಕೊಕೇನ್ ಮುಚ್ಚುತ್ತದೆ. ಆಂಫೆಟಮೈನ್ ಅದನ್ನು ಕೋಶದ ಒಳಗಿನಿಂದಲೇ ಹೊರಗೆ ಚೆಲ್ಲಿಸುತ್ತದೆ. ನಿಕೋಟಿನ್ ನೇರ ಕೋಶವನ್ನೇ ತಟ್ಟುತ್ತದೆ. ಹೆರಾಯಿನ್‌ನಂಥವು ಆ ಕೋಶಕ್ಕೆ ಹಾಕಿರುವ ಬ್ರೇಕನ್ನು ಸಡಿಲಿಸುತ್ತವೆ. ಮದ್ಯ ಒಂದೇ ದಾರಿ ಹಿಡಿಯುವುದಿಲ್ಲ, ನಾಲ್ಕೈದು ಬಾಗಿಲಿನಿಂದ ನುಗ್ಗುತ್ತದೆ. ಪರಿಣಾಮ ಒಂದೇ. ಸಾವಿರದ ಒಂದನೇ ಸಲವೂ ಮೆದುಳಿಗೆ ‘ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು’ ಎಂಬ ಸುಳ್ಳು ವರದಿ ಹೋಗುತ್ತದೆ. ಮುಗಿಯಬೇಕಾದ ಪಾಠ ಮುಗಿಯುವುದೇ ಇಲ್ಲ. 2004ರಲ್ಲಿ ಡೇವಿಡ್ ರೆಡಿಶ್ ಈ ವಾದವನ್ನು ಗಣಿತದ ಮಾದರಿಯಾಗಿ ಕಟ್ಟಿದರು. ಎಲ್ಲ ಪ್ರಯೋಗಗಳೂ ಇದಕ್ಕೆ ಪೂರ್ತಿ ಹೊಂದಿಲ್ಲ, ಅದನ್ನೂ ಹೇಳಬೇಕು. ಆದರೂ ಖುಷಿ ಇಲ್ಲದೆ ಬೆಲೆ ಏರುತ್ತಾ ಹೋಗುವ ವಿಚಿತ್ರಕ್ಕೆ ಇಷ್ಟು ಸರಳ ವಿವರಣೆ ನಾನು ಬೇರೆ ಕಂಡಿಲ್ಲ.

ವೇಗವೂ ಮುಖ್ಯ. ಸಿಗರೇಟಿನ ನಿಕೋಟಿನ್ ಮೆದುಳು ತಲುಪಲು ಹತ್ತಿಪ್ಪತ್ತು ಸೆಕೆಂಡು ಸಾಕು. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯಲ್ಲೂ ಅದೇ ನಿಕೋಟಿನ್, ಆದರೆ ಅದು ಗಂಟೆಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ. ಪಟ್ಟಿಯ ಚಟ ಹತ್ತಿಸಿಕೊಂಡವರು ಸಿಗುವುದು ತೀರಾ ಅಪರೂಪ.

ಹೊರಗಿನಿಂದ ಏನೂ ಒಳಗೆ ಹೋಗದೆಯೂ ಚಟ ಹತ್ತುತ್ತದಲ್ಲ, ಅದು ಹೇಗೆ? ಜೂಜು ನೋಡಿ. ಸಿಗುತ್ತೋ ಇಲ್ಲವೋ ಎಂಬುದು ಸಮಸಮ ಇದ್ದಾಗ, ಅಂದರೆ ಐವತ್ತಕ್ಕೆ ಐವತ್ತು ಇದ್ದಾಗ, ಕೋತಿಯ ಡೋಪಮೈನ್ ಕೋಶಗಳು ಕಾಯುವ ಹೊತ್ತಿನಲ್ಲೇ ಜಾಸ್ತಿ ಮಿಡಿಯುತ್ತವೆ ಎಂದು ಶುಲ್ಟ್ಸ್ ಅವರ ತಂಡವೇ 2003ರಲ್ಲಿ ತೋರಿಸಿತು. 2009ರಲ್ಲಿ ಲ್ಯೂಕ್ ಕ್ಲಾರ್ಕ್ ಮತ್ತು ಜೊತೆಗಾರರು ಮನುಷ್ಯರಿಗೆ ಸ್ಲಾಟ್ ಯಂತ್ರದಂಥ ಆಟ ಕೊಟ್ಟು ಮೆದುಳು ಸ್ಕ್ಯಾನ್ ಮಾಡಿದರು. ಕೂದಲೆಳೆಯಲ್ಲಿ ತಪ್ಪಿದ ಸೋಲು ಕೂಡ, ಗೆದ್ದಾಗ ಬೆಳಗುವ ಜಾಗಗಳನ್ನೇ ಬೆಳಗಿಸಿತು. ಸೋತದ್ದು ಸೋತದ್ದೇ, ದುಡ್ಡು ಬಂದಿಲ್ಲ. ಮೆದುಳು ಮಾತ್ರ ‘ಛೇ, ಇನ್ನೇನು ಸಿಕ್ಕೇಬಿಟ್ಟಿತ್ತು’ ಅಂದುಕೊಂಡು ಇನ್ನೊಂದು ಆಟಕ್ಕೆ ಸಿದ್ಧ. ಬೆಟ್ಟಿಂಗ್ ಆ್ಯಪ್ ಮಾಡುವವರಿಗೆ ಈ ಮಿಡಿತವನ್ನು ಎಷ್ಟು ಬೇಗ ಬೇಗ ಎಬ್ಬಿಸಬಹುದು ಎಂಬುದೇ ವ್ಯಾಪಾರ. 2013ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿ ಜೂಜಿನ ಗೀಳನ್ನು ಮದ್ಯ, ಮಾದಕ ವಸ್ತುಗಳ ಸಾಲಿಗೆ ಸೇರಿಸಿತು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ವಿಡಿಯೊ ಗೇಮಿನ ಗೀಳೂ ಇದೆ. ಮೊಬೈಲ್ ನೋಡುವುದಕ್ಕೆ, ರೀಲ್ಸ್‌ಗೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ. ‘ಡೋಪಮೈನ್’ ಎಂಬ ಪದ ಸಿಕ್ಕಿದೆ ಅಂತ ಕಂಡಕಂಡದ್ದಕ್ಕೆಲ್ಲ ವ್ಯಸನ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ತಡೆದು ನಿಲ್ಲಿಸಿದ್ದು ಪಾರ್ಕಿನ್ಸನ್ ರೋಗಿಗಳ ಕಥೆ. ಈ ಕಾಯಿಲೆಯಲ್ಲಿ ಡೋಪಮೈನ್ ಕೋಶಗಳು ಸಾಯುತ್ತವೆ. ಹಾಗಾಗಿ ಡೋಪಮೈನಿನ ಕೆಲಸವನ್ನೇ ಮಾಡುವ ಪ್ರಮಿಪೆಕ್ಸೋಲ್‌ನಂಥ ಮಾತ್ರೆ ಕೊಡುತ್ತಾರೆ. ಮಾತ್ರೆ ಶುರುವಾದ ಮೇಲೆ ಕೆಲವರು ಜೂಜಿಗೆ ಬಿದ್ದರು, ಇನ್ನು ಕೆಲವರು ಸಿಕ್ಕಿದ್ದನ್ನೆಲ್ಲ ಕೊಳ್ಳತೊಡಗಿದರು. ಜೀವಮಾನದಲ್ಲಿ ಒಂದು ಬೆಟ್ ಕಟ್ಟದವರೂ ಅವರಲ್ಲಿದ್ದರು. 2010ರಲ್ಲಿ 3,090 ರೋಗಿಗಳ ಮೇಲಿನ ಅಧ್ಯಯನ ಬಂತು. ಇಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಶೇ. 17ರಷ್ಟು ಜನರಿಗೆ ಈ ಬಗೆಯ ಗೀಳಿತ್ತು, ತೆಗೆದುಕೊಳ್ಳದವರಲ್ಲಿ ಶೇ. 7ರಷ್ಟು. ಮಾತ್ರೆ ಕಡಿಮೆ ಮಾಡಿದಾಗ ಹಲವರ ಗೀಳು ಇಳಿಯಿತು. ಇವರಿಗೆ ಯಾರು ಹೇಳಬೇಕು, ‘ಮನಸ್ಸು ಗಟ್ಟಿ ಮಾಡ್ಕೋ’ ಅಂತ?

ಸುಖದ ಸಾಲ, ಅದರ ಬಡ್ಡಿ

ಮೆದುಳು ಸುಮ್ಮನೆ ಕೂರುವುದಿಲ್ಲ. ಗದ್ದಲ ಜಾಸ್ತಿಯಾದರೆ ಕಿವಿ ಮುಚ್ಚಿಕೊಳ್ಳುತ್ತದೆ. ಡೋಪಮೈನ್ ಬಂದು ಕೂರುವ ಡಿ2 ಎಂಬ ಗ್ರಾಹಕಗಳು ಕೊಕೇನ್, ಮೆತ್ (ಆಂಫೆಟಮೈನ್ ಜಾತಿಯ ಮೆಥಾಂಫೆಟಮೈನ್), ಮದ್ಯದ ಚಟ ಇರುವವರಲ್ಲಿ ಕಡಿಮೆ ಇರುವುದನ್ನು ನೋರಾ ವೋಲ್ಕೊವ್ ಅವರ ತಂಡ 1990ರ ದಶಕದಿಂದ ಸ್ಕ್ಯಾನ್‌ಗಳಲ್ಲಿ ತೋರಿಸುತ್ತಾ ಬಂದಿದೆ. ಆದರೆ ಮೊಟ್ಟೆ ಮೊದಲೋ ಕೋಳಿ ಮೊದಲೋ? 2002ರ ಒಂದು ಕೋತಿ ಪ್ರಯೋಗದಲ್ಲಿ, ಗುಂಪಿನಲ್ಲಿ ಮೇಲಿನ ಸ್ಥಾನಕ್ಕೆ ಬಂದ ಕೋತಿಗಳಿಗೆ ಡಿ2 ಗ್ರಾಹಕ ಹೆಚ್ಚಾಯಿತು, ಅವು ಕೊಕೇನಿಗೆ ಅಷ್ಟಾಗಿ ಮನಸೋಲಲಿಲ್ಲ. ಕೆಳಗೆ ತುಳಿಸಿಕೊಂಡು ಬದುಕಿದ ಕೋತಿಗಳು ಹೆಚ್ಚು ತೆಗೆದುಕೊಂಡವು. ಅಂದರೆ ಬದುಕಿನ ಸ್ಥಿತಿಯೂ ಗ್ರಾಹಕಗಳನ್ನು ಬದಲಾಯಿಸುತ್ತದೆ, ಮಾದಕವೂ ಬದಲಾಯಿಸುತ್ತದೆ. ಒಂದು ಇನ್ನೊಂದರ ಬೆನ್ನಿಗೆ ಕೂರುತ್ತದೆ.

ಇದರ ಜೊತೆಗೆ ಮೆದುಳಿನ ಒತ್ತಡದ ವ್ಯವಸ್ಥೆಯೂ ಎದ್ದು ನಿಲ್ಲುತ್ತದೆ. ಜಾರ್ಜ್ ಕೂಬ್ ದಶಕಗಳಿಂದ ಬರೆಯುತ್ತಿರುವುದು ಈ ಕರಾಳ ಮುಖದ ಬಗ್ಗೆಯೇ. ಮೊದಲು ಖುಷಿಗೆ ತೆಗೆದುಕೊಂಡದ್ದನ್ನು ಆಮೇಲೆ ಸಂಕಟ ತಪ್ಪಿಸಿಕೊಳ್ಳಲು ತೆಗೆದುಕೊಳ್ಳಬೇಕಾಗುತ್ತದೆ. ಕಿರಿಕಿರಿ, ನಿದ್ದೆ ಇಲ್ಲ, ಯಾವುದರಲ್ಲೂ ರುಚಿ ಇಲ್ಲ. ಮಗು ನಕ್ಕರೂ ಏನೂ ಅನ್ನಿಸುವುದಿಲ್ಲ. ಒಂದು ಪೆಗ್ ಹಾಕಿದರೆ ಖುಷಿಯೇನೂ ಬರುವುದಿಲ್ಲ, ಮಾಮೂಲಿ ಮನುಷ್ಯ ಆಗುತ್ತಾನೆ, ಅಷ್ಟೇ. ಅಂದಹಾಗೆ, ವರ್ಷಗಟ್ಟಲೆ ವಿಪರೀತ ಕುಡಿದವರು ಒಂದೇ ಏಟಿಗೆ ನಿಲ್ಲಿಸುವುದು ಅಪಾಯ. ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು.

ನಾಲ್ಕು ಇಸ್ಪೀಟು ಕಟ್ಟು

ಈಗ ನಿರ್ಧಾರಕ್ಕೆ ಬರೋಣ. 1994ರಲ್ಲಿ ಅಮೆರಿಕದ ಅಯೋವಾದಲ್ಲಿ ಆಂಟ್ವಾನ್ ಬೆಶಾರಾ, ಆಂಟೋನಿಯೊ ಡಮಾಸಿಯೊ ಮತ್ತು ಸಂಗಡಿಗರು ಒಂದು ಆಟ ಕಟ್ಟಿದರು. ಮುಂದೆ ನಾಲ್ಕು ಕಟ್ಟು ಎಲೆ. ಯಾವುದರಿಂದ ಬೇಕಾದರೂ ಒಂದೊಂದೇ ಎಳೆಯಬಹುದು, ಒಟ್ಟು 100 ಸಲ. ಮೊದಲೆರಡು ಕಟ್ಟಿನಲ್ಲಿ ಪ್ರತಿ ಎಲೆಗೂ 100 ಡಾಲರ್ ಲಾಭ, ನಡುನಡುವೆ ಭಾರಿ ದಂಡ. ಹತ್ತು ಎಲೆ ಎಳೆಯುವಷ್ಟರಲ್ಲಿ 1,000 ಬಂದು 1,250 ಹೋಗಿರುತ್ತದೆ. ಉಳಿದೆರಡರಲ್ಲಿ ಎಲೆಗೆ ಬರೀ 50 ಡಾಲರ್, ದಂಡವೂ ಸಣ್ಣದು. ಹತ್ತು ಎಲೆಗೆ 500 ಬಂದು 250 ಹೋಗುತ್ತದೆ. ಈ ಲೆಕ್ಕ ಆಡುವವರಿಗೆ ಹೇಳುವುದಿಲ್ಲ.

ಎಲ್ಲರೂ ಮೊದಲು 100ರ ಕಟ್ಟಿಗೇ ಕೈ ಹಾಕುತ್ತಾರೆ. ನಾನಾದರೂ ಹಾಗೇ ಮಾಡುತ್ತಿದ್ದೆ. ಕೆಲವು ಏಟು ಬಿದ್ದ ಮೇಲೆ ಹೆಚ್ಚಿನವರು ನಿಧಾನಕ್ಕೆ 50ರ ಕಡೆ ಸರಿಯುತ್ತಾರೆ. ಸ್ವಾರಸ್ಯ ಏನೆಂದರೆ, ಯಾಕೆ ಸರಿದೆವು ಅಂತ ಬಾಯಿಬಿಟ್ಟು ಹೇಳಲು ಗೊತ್ತಾಗುವ ಮೊದಲೇ, ಕೆಟ್ಟ ಕಟ್ಟಿನ ಕಡೆ ಕೈ ಹೋಗುವಾಗ ಅವರ ಅಂಗೈ ಸಣ್ಣಗೆ ಬೆವರುತ್ತಿರುತ್ತದೆ. ಮೈ ಮೊದಲು ಎಚ್ಚರಿಸುತ್ತದೆ. ಹಣೆಯ ಹಿಂದೆ, ಕಣ್ಣುಗುಡ್ಡೆಗಳ ಮೇಲೆ ಇರುವ ಮುಂಮೆದುಳಿನ ಭಾಗಕ್ಕೆ ಪೆಟ್ಟಾದವರಿಗೆ ಈ ಬೆವರು ಬರಲಿಲ್ಲ. ದಂಡ ಬೀಳುತ್ತಿದ್ದರೂ, ಕೆಲವರಿಗೆ ಆ ಕಟ್ಟು ನಷ್ಟದ್ದು ಅಂತ ಬಾಯಲ್ಲಿ ಹೇಳಲು ಬಂದರೂ, ಕೈ ಅದಕ್ಕೇ ಹೋಗುತ್ತಿತ್ತು. ಮುಂದೆ ಇದೇ ಆಟವನ್ನು ಮದ್ಯ, ಮಾದಕ ವಸ್ತುಗಳ ಚಟ ಇರುವವರಿಗೆ ಕೊಟ್ಟಾಗ, ಎಲ್ಲರೂ ಅಲ್ಲದಿದ್ದರೂ ದೊಡ್ಡ ಪಾಲು ಜನ ಇದೇ ರೀತಿ ಆಡಿದರು. ಅವರ ತಲೆಗೆ ಯಾವ ಪೆಟ್ಟೂ ಆಗಿರಲಿಲ್ಲ.

“ಅವನಿಗೆ ಗೊತ್ತಿಲ್ವಾ ಇದರಿಂದ ಹಾಳಾಗ್ತೀನಿ ಅಂತ?” ಗೊತ್ತಿದೆ. ಗೊತ್ತಿರುವುದು ಒಂದು ಕಡೆ, ಆ ಗೊತ್ತಿರುವುದಕ್ಕೆ ತೂಕ ಕೊಡುವುದು ಇನ್ನೊಂದು ಕಡೆ. ಎರಡರ ನಡುವಿನ ತಂತಿ ಸಡಿಲವಾಗಿದೆ. ಅದಕ್ಕೇ ಸಿಗರೇಟು ಪ್ಯಾಕಿನ ಮೇಲಿನ ಭಯಾನಕ ಚಿತ್ರವನ್ನು ದಿನಾ ನೋಡುತ್ತಲೇ ಪ್ಯಾಕು ಬಿಚ್ಚಲು ಸಾಧ್ಯವಾಗುವುದು.

ಇನ್ನೊಂದು ಏರುಪೇರು ಕಾಲದ್ದು. ಇವತ್ತೇ ಸಿಗುವ ಸಣ್ಣದು ಬೇಕೋ, ತಡವಾಗಿ ಸಿಗುವ ದೊಡ್ಡದು ಬೇಕೋ? ಕಾಯಬೇಕು ಅಂದರೆ ಎಲ್ಲರಿಗೂ ಬೆಲೆ ಇಳಿಯುತ್ತದೆ. ಚಟ ಇರುವವರಲ್ಲಿ ಈ ಇಳಿತ ತುಂಬ ಕಡಿದು. 1997ರ ಒಂದು ಅಧ್ಯಯನದಲ್ಲಿ ಹೆರಾಯಿನ್ ಚಟದವರಿಗೆ ಮುಂದೆ ಸಿಗಲಿರುವ 1,000 ಡಾಲರಿನ ಬೆಲೆ, ಚಟ ಇಲ್ಲದವರಿಗಿಂತ ಬಹಳ ಬೇಗ ಕರಗಿತು. ಅದೇ ಮೊತ್ತದ ಹೆರಾಯಿನ್ ತಡವಾಗಿ ಸಿಗುತ್ತದೆ ಅಂದರೆ ಇನ್ನೂ ಬೇಗ. ಬೆಳಿಗ್ಗೆಯ ಆಣೆ ಸಂಜೆಗೆ ಮುರಿಯುವುದೂ ಇದರಿಂದಲೇ. ಬೆಳಿಗ್ಗೆ ಆಣೆ ಮಾಡುವಾಗ ಬಾಟಲಿ ಮತ್ತು ಬದುಕು ಎರಡೂ ದೂರ ಇರುತ್ತವೆ, ಬದುಕು ದೊಡ್ಡದಾಗಿ ಕಾಣುತ್ತದೆ. ಸಂಜೆ ಬಾಟಲಿ ಹತ್ತಿರ ಬಂದಿರುತ್ತದೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವಲ್ಲ, ಇಲ್ಲಿ ಉಲ್ಟಾ, ಹತ್ತಿರದ ಗುಡ್ಡವೇ ನುಣ್ಣಗೆ. ಆಣೆ ಮಾಡಿದವನು ಸುಳ್ಳು ಹೇಳಿರಲಿಲ್ಲ. ಆ ಹೊತ್ತಿನ ಲೆಕ್ಕ ಅದೇ ಇತ್ತು.

ಮತ್ತೆ ನನ್ನ ಕೈ ಮತ್ತು ಖಾಲಿ ಜೇಬು. ಕೇಂಬ್ರಿಜ್‌ನ ಬ್ಯಾರಿ ಎವೆರಿಟ್ ಮತ್ತು ಟ್ರೆವರ್ ರಾಬಿನ್ಸ್ ಹೇಳುವ ಪ್ರಕಾರ, ಚಟ ಹಳತಾದ ಹಾಗೆ ಅದರ ಹತೋಟಿ ಮೆದುಳಿನ ಸ್ಟ್ರಯೇಟಂ ಎಂಬ ಭಾಗದಲ್ಲಿ ಕೆಳಗಿನಿಂದ ಮೇಲಕ್ಕೆ ಜರುಗುತ್ತದೆ. ಕೆಳಭಾಗ ‘ಇದರಿಂದ ನನಗೇನು ಸಿಗುತ್ತದೆ’ ಎಂದು ಕೇಳುತ್ತದೆ. ಮೇಲ್ಭಾಗ ಏನನ್ನೂ ಕೇಳುವುದಿಲ್ಲ, ಅದು ಅಭ್ಯಾಸದ ಮನೆ, ಸೈಕಲ್ ತುಳಿಯುವ ಹಾಗೆ. ಕೊಕೇನ್ ಚಟದವರಿಗೆ ಯಾರೋ ಕೊಕೇನ್ ತೆಗೆದುಕೊಳ್ಳುವ ವಿಡಿಯೊ ತೋರಿಸಿದಾಗ ಡೋಪಮೈನ್ ಏರಿದ್ದು ಈ ಮೇಲ್ಭಾಗದಲ್ಲಿ, ಏರಿದಷ್ಟೂ ತಲಬು ಜಾಸ್ತಿ ಎಂದು 2006ರಲ್ಲಿ ವೋಲ್ಕೊವ್ ತಂಡ ವರದಿ ಮಾಡಿತು. ಒಳಗೆ ಒಂದು ಚಿಟಿಕೆ ಪುಡಿಯೂ ಹೋಗಿರಲಿಲ್ಲ. ಬರೀ ನೋಟ.

ಹಾಗಾದರೆ ಆಯ್ಕೆಯೇ ಇಲ್ವಾ?

ಇಷ್ಟು ಓದಿದ ಮೇಲೆ ‘ಎಲ್ಲ ಮೆದುಳೇ ಮಾಡಿಸೋದು, ಮನುಷ್ಯನದ್ದೇನಿದೆ’ ಅನ್ನಿಸಬಹುದು. ಅಲ್ಲಿಗೆ ಹೋಗುವುದು ಬೇಡ, ಯಾಕೆಂದರೆ ಸಾಕ್ಷಿಗಳು ಅಲ್ಲಿಗೆ ಹೋಗುವುದಿಲ್ಲ.

ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಐವರಲ್ಲಿ ಒಬ್ಬರಷ್ಟು ಜನ ಹೆರಾಯಿನ್ ಅಥವಾ ಅಂಥದ್ದರ ಚಟಕ್ಕೆ ಬಿದ್ದಿದ್ದರು. ಊರಿಗೆ ಮರಳಿದ ಮೇಲೆ ಏನಾಯಿತು ಎಂದು ಲೀ ರಾಬಿನ್ಸ್ 1970ರ ದಶಕದಲ್ಲಿ ಬೆನ್ನುಹತ್ತಿ ನೋಡಿದರು. ಮೂರು ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ಅವರಲ್ಲಿ ಶೇ. 12 ಮಾತ್ರ. ಯಾರಿಗೂ ನಂಬಲಾಗಲಿಲ್ಲ. ಕಾಡು, ಭಯ, ಜೊತೆಗಾರರು, ಕೈಗೆಟುಕುವ ಹೆರಾಯಿನ್, ಎಲ್ಲವೂ ಒಟ್ಟಿಗೆ ಹಿಂದೆ ಉಳಿದಿದ್ದವು. ಆ ಕೋತಿಗಳ ಮುಂದಿನ ದೀಪದ ಹಾಗೆ ಇಲ್ಲಿ ದೀಪ ಆರಿತ್ತು, ಡೋಪಮೈನ್ ಕೋಶಕ್ಕೆ ಮಿಡಿಯಲು ನೆಪ ಸಿಗಲಿಲ್ಲ ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ. ಚಿಕಿತ್ಸಾ ಕೇಂದ್ರದಲ್ಲಿ ಗಟ್ಟಿಯಾಗಿದ್ದು ತನ್ನ ಹಳೆಯ ಬೀದಿಗೆ ಕಾಲಿಟ್ಟ ಕೂಡಲೇ ಜಾರುವವರ ಕಥೆ ಇದರ ಇನ್ನೊಂದು ಮಗ್ಗುಲು. ಅಂಥ ಹೊತ್ತಲ್ಲಿ ಇನ್ನೊಂದು ಅಪಾಯ ಇದೆ. ಬಿಟ್ಟಿದ್ದಷ್ಟು ಕಾಲ ಮೈ ತಾಳಿಕೆ ಕಳೆದುಕೊಂಡಿರುತ್ತದೆ, ಹಳೆಯ ಪ್ರಮಾಣದ ಹೆರಾಯಿನ್ ಈಗ ಕೊಲ್ಲಬಹುದು.

ಅಮೆರಿಕದ ಸಂಶೋಧಕ ಕಾರ್ಲ್ ಹಾರ್ಟ್, ಹೊಗೆಯಾಗಿ ಸೇದುವ ಕ್ರ್ಯಾಕ್ ಕೊಕೇನ್ ಬಳಸುವವರ ಮುಂದೆ ಒಂದು ಡೋಸ್ ಕ್ರ್ಯಾಕ್ ಅಥವಾ ದುಡ್ಡು, ಯಾವುದು ಬೇಕು ಎಂದು ಇಟ್ಟರು. ಡೋಸ್ ಸಣ್ಣದಿದ್ದಾಗ 5 ಡಾಲರಿಗೂ ಹಲವರು ಕ್ರ್ಯಾಕ್ ಬಿಟ್ಟುಕೊಟ್ಟರು. ಸ್ಟೀಫನ್ ಹಿಗಿನ್ಸ್ 1990ರ ದಶಕದಲ್ಲಿ ಇದನ್ನೇ ಚಿಕಿತ್ಸೆ ಮಾಡಿದರು. ಮೂತ್ರ ಪರೀಕ್ಷೆಯಲ್ಲಿ ಕೊಕೇನ್ ಇಲ್ಲ ಅಂತ ಬಂದರೆ ಆಗಲೇ ಒಂದು ವೋಚರ್. ಸತತವಾಗಿ ಶುದ್ಧ ಬಂದರೆ ವೋಚರ್ ಮೊತ್ತ ಏರುತ್ತದೆ. ಕೊಕೇನ್, ಮೆತ್‌ನಂಥವುಗಳಿಗೆ ಇವತ್ತಿಗೂ ಇದರಷ್ಟು ಸಾಕ್ಷಿ ಇರುವ ಚಿಕಿತ್ಸೆ ಇನ್ನೊಂದಿಲ್ಲ. ‘ಚಟ ಬಿಡೋಕೆ ಲಂಚ ಕೊಡಬೇಕಾ’ ಅಂತ ಮೂಗು ಮುರಿಯುವವರಿದ್ದಾರೆ. ಆದರೆ ಹತ್ತು ವರ್ಷದ ನಂತರದ ಆರೋಗ್ಯ ಎಂಬ ಬಹುಮಾನ ಯಾರ ಕಣ್ಣಿಗೆ ಕಾಣುವುದಿಲ್ಲವೋ, ಅವರಿಗೆ ಕಾಣುವಷ್ಟು ಹತ್ತಿರದಲ್ಲಿ ಒಂದು ಬಹುಮಾನ ಇಡುವುದರಲ್ಲಿ ಏನು ತಪ್ಪು?

ಮಾತ್ರೆಗಳೂ ಇವೆ. ನಿಕೋಟಿನ್ ಕೂರುವ ಜಾಗದಲ್ಲಿ ತಾನು ಅರ್ಧ ಕೂತು ತಲಬು ಇಳಿಸುವ ವರೆನಿಕ್ಲಿನ್, ಕುಡಿತಕ್ಕೆ ನಾಲ್ಟ್ರೆಕ್ಸೋನ್, ಹೆರಾಯಿನ್ ಚಟಕ್ಕೆ ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್. ಕೊನೆಯ ಎರಡು ಸಾವನ್ನು ಕಡಿಮೆ ಮಾಡುತ್ತವೆ. ಆದರೂ ‘ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದರು’ ಎಂಬ ಮಾತು ನಿಂತಿಲ್ಲ. ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್ ಕುಡಿತದ ತಲಬನ್ನೂ ತಗ್ಗಿಸಿತು ಎಂದು 2025ರಲ್ಲಿ 48 ಜನರ ಮೇಲಿನ ಪ್ರಯೋಗ ಹೇಳಿತು. ಸಣ್ಣ ಪ್ರಯೋಗ, ಈಗಲೇ ಕುಣಿಯುವುದು ಬೇಡ.

ಕೊನೆಗೆ ಇನ್ನೊಂದು ಇಲಿ ಪ್ರಯೋಗ. 2018ರಲ್ಲಿ ಮಾರ್ಕೊ ವೆನ್ನೀರೊ ಮತ್ತು ತಂಡ ಮೆತ್‌ಗೆ ಅಂಟಿಕೊಂಡ ಇಲಿಗಳ ಮುಂದೆ ಎರಡು ಆಯ್ಕೆ ಇಟ್ಟರು. ಒಂದು ಒತ್ತಿದರೆ ಮೆತ್. ಇನ್ನೊಂದು ಒತ್ತಿದರೆ ಪಕ್ಕದ ಬಾಗಿಲು ತೆರೆದು ಇನ್ನೊಂದು ಇಲಿಯ ಜೊತೆ ಸ್ವಲ್ಪ ಹೊತ್ತು. ಇಲಿಗಳು ಹೆಚ್ಚುಕಡಿಮೆ ಪ್ರತಿಸಲವೂ ಜೊತೆಗಾರನನ್ನೇ ಆರಿಸಿದವು. ತಳಿ ಬದಲಾಯಿಸಿದರು, ಗಂಡು ಹೆಣ್ಣು ಎರಡನ್ನೂ ನೋಡಿದರು, ಡೋಸ್ ಹೆಚ್ಚಿಸಿದರು. ಉತ್ತರ ಅದೇ. ಆದರೆ ಗುಂಡಿ ಒತ್ತಿದ ಮೇಲೆ ಬಾಗಿಲು ತೆರೆಯುವುದನ್ನು ತಡಮಾಡುತ್ತಾ ಹೋದಾಗ, ಇಲಿಗಳು ಮತ್ತೆ ಮೆತ್ ಕಡೆಗೆ ತಿರುಗಿದವು.

ಎಷ್ಟೋ ಕಷ್ಟಪಟ್ಟು ಮನಸ್ಸು ಮಾಡಿ, ಒಂದು ಬೆಳಿಗ್ಗೆ ಚಿಕಿತ್ಸೆ ಕೇಳಿಕೊಂಡು ಬಂದ ಮನುಷ್ಯನಿಗೆ ಕೌಂಟರಿನಲ್ಲಿ ಏನು ಹೇಳುತ್ತೇವೆ? “ಈಗ ಜಾಗ ಇಲ್ಲ. ಮೂರು ವಾರ ಬಿಟ್ಟು ಬನ್ನಿ.”